ನಾಲ್ಕು ತೂತಿನ ಸ್ಟೆಪ್ನಿ

ಆ ಬೀದಿಯಲ್ಲಿ ಲಾರಿ ಓನರ್ ಮನೆ ಯಾವುದು ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ತೋರಿಸುವಾಗ ಸ್ವಲ್ಪ ನಗುತ್ತಾರೆ. ಹೊಸಬರು ಮನೆ ಮುಂದೆ ನಿಂತು, ಲಾರಿ ನಿಲ್ಲಿಸುವಷ್ಟು ಜಾಗ ಎಲ್ಲಿದೆಯಪ್ಪಾ ಎಂದು ಅತ್ತಿತ್ತ ನೋಡುತ್ತಾರೆ. ಅಲ್ಲಿ ಸೈಕಲ್ಲು ಒರಗಿಸುವುದಕ್ಕೂ ಜಾಗವಿಲ್ಲ. ಲಾರಿಗಳೆಲ್ಲ ಒಳಗಿವೆ. ಒಟ್ಟು ನಾನೂರ ಹನ್ನೆರಡು. ಅವುಗಳಲ್ಲಿ ಅತಿ ದೊಡ್ಡದು ಒಂದು ಗೇಣು; ಅತಿ ಚಿಕ್ಕದನ್ನು ಬೆಂಕಿಪೊಟ್ಟಣದೊಳಗೆ ಹಾಕಿ ಮುಚ್ಚಬಹುದು. ಇಷ್ಟು ಲಾರಿಗಳ ಒಡೆಯರಾದ ಮಹಾನುಭಾವರಿಗೆ ಡ್ರೈವಿಂಗ್ ಬರುವುದಿಲ್ಲ. ಎಲ್ಲಿಗೆ ಹೋಗಬೇಕಾದರೂ ಬಸ್ಸೇ ಗತಿ. ಬಸ್ಸಿನಲ್ಲೂ ಡ್ರೈವರ್ ಹಿಂದಿನ ಸೀಟೇ ಆಗಬೇಕು, ಗೇರು ಹಾಕಿದ್ದು ಸರಿಯಾಗಲಿಲ್ಲ ಎಂದು ಅವನಿಗೆ ಹೇಳುವುದಕ್ಕೆ.

ಇವರು ಮೂವತ್ತನಾಲ್ಕು ವರ್ಷ ಒಂದು ಲಾರಿ ಕಂಪನಿಯ ಬಿಡಿಭಾಗಗಳ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಖಡ್ಗಮೃಗದ ಗುರುತಿನ ಕಂಪನಿ ಅದು. ಜನರ ಬಾಯಲ್ಲಿ ಕೊಂಬಿನ ಕಂಪನಿ. ತಂತಿಬಲೆಯ ಕಿಂಡಿಯ ಹಿಂದೆ ಕೂತು, ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಂದ ಮೆಕ್ಯಾನಿಕ್ಕುಗಳನ್ನು "ಯಾವ ಮಾಡೆಲ್? ಯಾವ ವರ್ಷದ್ದು? ನಂಬರ್ ಬರ್ಕೊಂಡು ಬಾ ಹೋಗು" ಎಂದು ವಾಪಸು ಅಟ್ಟುವುದು ಅವರ ಕೆಲಸ. ಲಾರಿಯನ್ನು ಅವರು ಬಿಡಿಬಿಡಿಯಾಗಿ ಮುಟ್ಟಿದ್ದೇ ಹೊರತು ಇಡಿಯಾಗಿ ಮುಟ್ಟಿದ್ದು ಕಡಿಮೆ. ಆದರೂ ಕೊಂಬಿನ ಲಾರಿಯೊಂದು ಬೀದಿಯಲ್ಲಿ ಹೋದರೆ, ತಾವೇ ಹೆತ್ತು ಹೊತ್ತು ಸಾಕಿದವರಂತೆ ಎದೆಯುಬ್ಬಿಸಿ ನಿಲ್ಲುತ್ತಿದ್ದರು. ಬೇರೆ ಕಂಪನಿಯದು ಹೋದರೆ ಮೂಗು ಮುರಿಯುತ್ತಿದ್ದರು.

ಕಂಪನಿಯವರು ವರ್ಷಕ್ಕೊಮ್ಮೆ ನೌಕರರಿಗೆಲ್ಲ ಒಂದೊಂದು ಪುಟ್ಟ ಲೋಹದ ಲಾರಿ ಹಂಚುತ್ತಿದ್ದರು. ಉಳಿದವರು ಅದನ್ನು ಮನೆಗೆ ಒಯ್ದು ಮಕ್ಕಳ ಕೈಗೆ ಕೊಟ್ಟರು. ಮಕ್ಕಳು ತಮ್ಮ ಧರ್ಮದಂತೆ ಒಂದೇ ವಾರದಲ್ಲಿ ಅದರ ಗಾಲಿ ಕಿತ್ತರು. ಇವರು ಮಾತ್ರ ಹಾಗೆ ಮಾಡಲಿಲ್ಲ; ತಮ್ಮದನ್ನು ಜೋಪಾನವಾಗಿಟ್ಟಿದ್ದಲ್ಲದೆ, ಬೇರೆ ಬೇರೆ ಊರಿನ ನೌಕರರಿಗೆ ಸಿಕ್ಕಿದ್ದನ್ನೂ ಕೊಂಡು ಕೂಡಿಹಾಕಿದರು. ಮಗಳು ಚಿಕ್ಕವಳಿದ್ದಾಗ ಲಾರಿ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಲಾರಿ ಹೋಗಲಿ, ಅದರ ಖಾಲಿ ಡಬ್ಬಿಯನ್ನೂ ಅವಳ ಕೈಗೆ ಕೊಡಲಿಲ್ಲ. ಯಾಕೆಂದರೆ ಈ ಲೋಕದಲ್ಲಿ ಒಳಗಿನ ಲಾರಿಗಿಂತ ಹರಿಯದ ಡಬ್ಬಿಗೇ ಮರ್ಯಾದೆ ಜಾಸ್ತಿ. ಮಗಳು ಈಗ ಮದುವೆಯಾಗಿ ಬೇರೆ ಊರಲ್ಲಿದ್ದಾಳೆ. ತವರಿಗೆ ಬಂದರೆ ಮುಂದಿನ ಕೋಣೆಗೆ ಕಾಲಿಡುವುದಿಲ್ಲ.

ಆ ಮುಂದಿನ ಕೋಣೆಯೇ ಕತೆಯ ಮೂಲ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಕಪಾಟಿನೊಳಗೆ ಲಾರಿ, ಲಾರಿಗಳ ಹಿಂದೆ ಅವುಗಳ ಡಬ್ಬಿ. ಜಾಗ ಉಳಿದಲ್ಲೆಲ್ಲ ಕೊಂಬಿನ ಗುರುತಿನ ಕೀ ಚೈನು, ಟೋಪಿ, ಕಪ್ಪು, ಬೂದಿಬಟ್ಟಲು, ಹನ್ನೊಂದು ವರ್ಷದ ಹಳೇ ಕ್ಯಾಲೆಂಡರು. ಗುಜರಿಯಿಂದ ತಂದ ನಿಜವಾದ ಲಾರಿಯ ಹಿತ್ತಾಳೆ ಲಾಂಛನವೊಂದು ಗೋಡೆಯ ನಟ್ಟನಡುವೆ ಇದೆ. ಮೊದಲು ಅಲ್ಲಿ ಗಂಡ ಹೆಂಡಿರ ಮದುವೆ ಫೋಟೋ ಇತ್ತು. ಅದೀಗ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಮೇಲೆ ಒರಗಿಕೊಂಡಿದೆ. ಇಡೀ ಮನೆಗೆ ನೇರ ಬಿಸಿಲು ಬರುವ ಕಿಟಕಿ ಎಂದಿದ್ದರೆ ಆ ಕೋಣೆಯದೊಂದೇ. ಅದಕ್ಕೆ ಎರಡು ಪದರದ ಕಪ್ಪು ಪರದೆ. ಬಿಸಿಲು ತಾಗಿದರೆ ಬಣ್ಣ ಹೋಗುತ್ತದೆ, ಅದರಲ್ಲೂ ಕೆಂಪು ಮೊದಲು ಹೋಗುತ್ತದೆ ಎಂಬುದು ಓನರ್ ಸಾಹೇಬರ ವೇದವಾಕ್ಯ. ಆ ಪರದೆಯನ್ನು ಹೊಲಿದುಕೊಟ್ಟವಳು ಅವರ ಹೆಂಡತಿಯೇ.

ಬೀದಿಯವರಿಗೆ ಆಕೆ ಟೈಲರಮ್ಮ. ಶಾಲೆಯ ಯೂನಿಫಾರಂ, ಆಸ್ಪತ್ರೆ ನೌಕರರ ಬಿಳಿ ಕೋಟು, ಬ್ಯಾಂಕಿನ ಕಾವಲುಗಾರರ ಕಪ್ಪು ಕೋಟು, ಹೀಗೆ ದಪ್ಪ ಬಟ್ಟೆಯ ಕೆಲಸದಲ್ಲಿ ಎತ್ತಿದ ಕೈ. ಆಕೆಯ ಮೆಷಿನ್ನು ಇರುವುದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಮೇಲೊಂದು ಟ್ಯೂಬ್‌ಲೈಟು, ಅದು ಹಗಲಿಡೀ ಉರಿಯಬೇಕು. ಬಚ್ಚಲಿಗೆ ಹೋಗುವವರು ಆಕೆಯ ಬೆನ್ನಿಗೆ ಒರಸಿಕೊಂಡೇ ಹೋಗಬೇಕು. ಕತ್ತರಿಸುವುದಕ್ಕೆ ಮೇಜಿಲ್ಲ, ಅಡುಗೆಮನೆಯ ನೆಲದ ಮೇಲೆ ಬಟ್ಟೆ ಹರವಿಕೊಂಡು ಮಂಡಿಯೂರಿ ಕತ್ತರಿಸುತ್ತಾಳೆ.

ಕಣ್ಣಿನ ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. "ಕಪ್ಪು ಬಟ್ಟೆ ಮೇಲೆ ಕಪ್ಪು ದಾರದ ಕೆಲಸ ಮಾಡೋದಾದ್ರೆ ಹಗಲು ಬೆಳಕಲ್ಲಿ ಮಾಡಿ. ಹೀಗೇ ಟ್ಯೂಬ್‌ಲೈಟ್ ಕೆಳಗೆ ಮಾಡ್ತಾ ಹೋದ್ರೆ ಇನ್ನೆರಡು ವರ್ಷಕ್ಕೆ ಹೊಲಿಗೆ ಬಿಡಬೇಕಾಗತ್ತೆ ತಾಯಿ." ಹೊಲಿಗೆ ಬಿಟ್ಟು ತಾನೇನು ಮಾಡಬೇಕೆಂದು ಆಕೆಗೆ ಹೊಳೆಯಲೇ ಇಲ್ಲ. ಹದಿನಾರನೆಯ ವಯಸ್ಸಿಗೆ ಕೂತ ಮೆಷಿನ್ನು ಅದು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವರು ಬಹಳ ಹೊತ್ತು ಯೋಚಿಸಿದರು. ಯೋಚಿಸುವಾಗ ಒಂದು ಟ್ಯಾಂಕರ್ ಲಾರಿಯ ಹಿಂಬದಿಯನ್ನು ಉಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು.

"ಕಂಪನಿಯವ್ರು ಹೊಸದಾಗಿ ದೊಡ್ಡ ಪ್ರದರ್ಶನದ ಹಾಲ್ ಕಟ್ತಿದಾರೆ ಕಣೇ. ಒಂದಿನ ಇವೆಲ್ಲ ಅಲ್ಲಿಗೆ ಹೋಗಿ ಸೇರ್ತವೆ. ಆವತ್ತಿಂದ ಈ ರೂಮು ನಿಂದೇ, ಕಿಟಕಿನೂ ನಿಂದೇ. ಸಾಕಾ?"

ಸಾಕೋ ಬೇಕೋ, ಸಿಕ್ಕಿದ್ದು ಅಷ್ಟೇ. ಟೈಲರಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಈಗ ನಾಲ್ಕು ವರ್ಷ ಹಿಂದೆ ಹೋಗಬೇಕು. ಆ ಕೋಣೆಯಲ್ಲಿ ಧೂಳು ಹೊಡೆಯುವ ಭಾಗ್ಯ ಓನರನ್ನು ಬಿಟ್ಟರೆ ಟೈಲರಮ್ಮನಿಗೆ ಮಾತ್ರ ಇತ್ತು. ಅದೂ ಚಿತ್ರ ಬರೆಯುವ ಸಣ್ಣ ಕುಂಚದಿಂದ. ಒಂದು ಶನಿವಾರ ಗಂಡ ಇಂಥ ಪುಟ್ಟ ಲಾರಿಗಳ ಸಂಗ್ರಾಹಕರ ಸಂಘದ ಸಭೆಗೆ ಹೋಗಿದ್ದಾಗ ಆಕೆ ಹತ್ತು ಗಾಲಿಯ ಕೆಂಪು ಲಾರಿಯೊಂದನ್ನು ಕೈಗೆತ್ತಿಕೊಂಡಳು. ಬೆವರಿದ ಕೈಯಿಂದ ಅದು ಜಾರಿತು. ಲಾರಿಗೆ ಏನೂ ಆಗಲಿಲ್ಲ. ಆದರೆ ಕ್ಯಾಬಿನ್ನಿನ ಹಿಂದೆ ಅಂಟಿಸಿದ್ದ ಸ್ಟೆಪ್ನಿ, ಅದೇ ಆ ಎಕ್ಸ್‌ಟ್ರಾ ಗಾಲಿ, ಕಿತ್ತುಕೊಂಡು ಉರುಳುತ್ತ ಬಾಗಿಲು ದಾಟಿ, ಮೆಟ್ಟಿಲಿಳಿದು, ನೇರ ಚರಂಡಿಗೆ ಹೋಯಿತು. ಆ ಕಂಪನಿಯ ಗಾಲಿ ಅಷ್ಟು ಸಲೀಸಾಗಿ ಓಡಿದ್ದನ್ನು ಗೋದಾಮಿನಲ್ಲಿ ಮೂವತ್ತನಾಲ್ಕು ವರ್ಷ ಕೂತವರೂ ನೋಡಿರಲಿಕ್ಕಿಲ್ಲ.

ಆಕೆ ಒಂದು ಗಂಟೆ ಚರಂಡಿಯಲ್ಲಿ ಕಡ್ಡಿಯಾಡಿಸಿದಳು. ಸಿಗಲಿಲ್ಲ. ಗಂಡ ಬರುವ ಹೊತ್ತಾಗಿತ್ತು. ಓಣಿಗೆ ಓಡಿ ಗುಂಡಿಯ ಡಬ್ಬ ಮಗುಚಿದಳು. ಕಾವಲುಗಾರರ ಕೋಟಿಗೆ ಹಾಕುವ ಕಪ್ಪು ಗುಂಡಿ. ಉಬ್ಬಿದ ಅಂಚು, ನಡುವೆ ತಗ್ಗು, ತಗ್ಗಿನಲ್ಲಿ ನಾಲ್ಕು ತೂತು. ಅಳತೆ ನೋಡಿದರೆ ಆ ಜಾಗಕ್ಕೆಂದೇ ಮಾಡಿದ ಹಾಗಿತ್ತು. ಕಾಲರಿಗೆ ಹಾಕುವ ಅಂಟನ್ನು ಸೂಜಿಮೊನೆಯಲ್ಲಿ ಹಚ್ಚಿ ಕೂರಿಸಿದಳು. ದರ್ಜಿಯ ಕೈ ತಾನೇ, ಒಂದೆಳೆ ಆಚೀಚೆ ಆಗಲಿಲ್ಲ.

ಹೇಗೂ ಒಂದು ಗಂಟೆಯೊಳಗೆ ಸಿಕ್ಕಿಬೀಳುತ್ತೇನೆ ಎಂದುಕೊಂಡಿದ್ದಳು. ಗಂಟೆ ಕಳೆಯಿತು, ದಿನ ಕಳೆಯಿತು. ಓನರ್ ಸಾಹೇಬರು ಪ್ರತಿ ಭಾನುವಾರ ಆ ಲಾರಿಯನ್ನು ಎತ್ತಿ, ತಿರುಗಿಸಿ, ಮುದ್ದಾಡಿ ಇಡುತ್ತಿದ್ದರು. ಮೊದಲ ತಿಂಗಳು ಆಕೆಗೆ ಭಯವಿತ್ತು, ಆಮೇಲೆ ಸಮಾಧಾನವಾಯಿತು. ವರ್ಷ ಕಳೆದ ಮೇಲೂ ಗಂಡನಿಗೆ ಗೊತ್ತಾಗದಿದ್ದಾಗ ಆಕೆಗೆ ಸ್ವಲ್ಪ ಸಿಟ್ಟೇ ಬಂತು. ತಾನು ಹೊಲಿದ ಅಂಗಿಯನ್ನೇ ತೊಟ್ಟು, ತಾನು ಹಾಕಿದ ಗುಂಡಿಯನ್ನೇ ದಿನಾ ಬೆಳಗ್ಗೆ ಸಿಕ್ಕಿಸಿಕೊಳ್ಳುವ ಮನುಷ್ಯ!

ಕೊನೆಗೂ ಅದು ಪತ್ತೆಯಾದದ್ದು ಒಂದು ಭಾನುವಾರ ಬೆಳಗ್ಗೆ.

"ಇವಳೇ! ಎಲ್ಲಿದೀಯಾ? ಬಾ ಇಲ್ಲಿ, ಬೇಗ ಬಾ!"

ಟೈಲರಮ್ಮ ಕತ್ತರಿ ಕೆಳಗಿಟ್ಟು ಹೋದಳು. ಓನರ್ ಸಾಹೇಬರು ಭೂತಗನ್ನಡಿ ಹಿಡಿದು ಕೆಂಪು ಲಾರಿಯ ಮೇಲೆ ಬಾಗಿದ್ದರು.

"ಈ ಸ್ಟೆಪ್ನಿ ನೋಡು. ಎಷ್ಟು ತೂತಿದೆ ಎಣಿಸು."

"ನಾಲ್ಕು," ಎಂದಳು, ಎಣಿಸದೆಯೇ.

"ಎಷ್ಟಿರಬೇಕಿತ್ತು ಗೊತ್ತಾ? ಆರು! ಈ ಸಾಲಿನ ಎಲ್ಲಾ ಮಾಡೆಲಲ್ಲೂ ಆರು. ಇದೊಂದರಲ್ಲಿ ನಾಲ್ಕು! ನನ್ನ ಮನೇಲೇ ಇಟ್ಕೊಂಡು ಇಷ್ಟು ವರ್ಷ ನೋಡೇ ಇಲ್ವಲ್ಲೇ!"

"ರೀ, ಅದು ಏನಾಯ್ತು ಅಂದ್ರೆ…"

"ಮಾತಾಡ್ಬೇಡ! ಉಸಿರು ತಾಗತ್ತೆ."

ಹೇಳಬೇಕೆಂದು ತೆರೆದ ಬಾಯಿಯನ್ನು ಆಕೆ ಹಾಗೇ ಮುಚ್ಚಿದಳು. ಬೈಗುಳಕ್ಕೆ ತಯಾರಾಗಿ ಬಂದವಳಿಗೆ ಗಂಡನ ಕಣ್ಣಲ್ಲಿ ನೀರು ಕಂಡರೆ ಏನು ಹೇಳುವುದು?

ಈ ಸಂಗ್ರಾಹಕರ ಲೋಕದ ನ್ಯಾಯವೇ ಬೇರೆ. ಕಾರ್ಖಾನೆಯಿಂದ ಸರಿಯಾಗಿ ಬಂದದ್ದು ಸಾವಿರಗಟ್ಟಲೆ ಇರುತ್ತದೆ, ಅದನ್ನು ಯಾರೂ ಮೂಸುವುದಿಲ್ಲ. ಎಲ್ಲೋ ಒಂದು ತಪ್ಪಾಗಿ ಬಂದಿರಬೇಕು. ಬಾಗಿಲಿನ ಬಣ್ಣ ಅದಲುಬದಲಾಗಿರಬೇಕು, ಹೆಸರು ತಲೆಕೆಳಗಾಗಿರಬೇಕು, ಗಾಲಿ ಬೇರೆಯಾಗಿರಬೇಕು. ಅದಕ್ಕೆ ಫ್ಯಾಕ್ಟರಿ ತಪ್ಪು ಎಂದು ಹೆಸರು, ಅದನ್ನು ಹೊಂದಿದವನಿಗೆ ತಲೆಯ ಮೇಲೆ ಎರಡು ಕೊಂಬು. ಟೈಲರಮ್ಮ ಇದನ್ನು ಯೋಚಿಸಿ ಯೋಚಿಸಿ ಸುಸ್ತಾದಳು. ತಾನು ಒಂದು ತೋಳನ್ನು ಅರ್ಧ ಅಂಗುಲ ಗಿಡ್ಡ ಮಾಡಿದರೆ ಗಿರಾಕಿ ಬಟ್ಟೆಯನ್ನು ಮುಖಕ್ಕೆ ಎಸೆದು ಹೋಗುತ್ತಾನೆ. ಅದಕ್ಕೆ ಯಾರೂ ಗಾಜಿನ ಕಪಾಟು ಮಾಡಿಸಿದ್ದಿಲ್ಲ.

ಮಾರನೆಯ ದಿನವೇ ಆ ಕೆಂಪು ಲಾರಿ ಓನರ್ ಸಾಹೇಬರ ಕೈಯಲ್ಲಿ ಸಂಘದ ಅಧ್ಯಕ್ಷರ ಬಳಿ ಹೋಯಿತು. ಸಂಘದಲ್ಲಿ ಹನ್ನೊಂದು ಜನ ಸದಸ್ಯರು, ಅವರಲ್ಲಿ ಒಂಬತ್ತು ಜನ ಪದಾಧಿಕಾರಿಗಳು. ಅಧ್ಯಕ್ಷರು ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಕುರ್ಚಿಯಲ್ಲಿ ರೋಗಿಯೊಬ್ಬ ಬಾಯಿ ತೆರೆದುಕೊಂಡು ಕೂತಿದ್ದಂತೆಯೇ, ಡಾಕ್ಟರು ಅವನ ಬಾಯೊಳಗಿದ್ದ ಪುಟ್ಟ ಕನ್ನಡಿಯನ್ನು ತೆಗೆದು, ಒರೆಸಿ, ಸ್ಟೆಪ್ನಿಯ ಹಿಂದೆ ಹಿಡಿದು ನೋಡಿದರು. ಕೊಕ್ಕೆಯಿಂದ ಅಂಚನ್ನು ಮೆಲ್ಲಗೆ ತಟ್ಟಿದರು.

"ಅಲ್ಲಾಡ್ತಿಲ್ಲ. ಬುಡ ಗಟ್ಟಿಯಾಗಿದೆ," ಎಂದರು. "ಅಂಟು ನೋಡಿ, ಹಳೇ ಕಾಲದ್ದು. ಈಗಿನವ್ರು ಇಷ್ಟು ನೀಟಾಗಿ ಹಾಕಲ್ಲ."

ಓನರ್ ಸಾಹೇಬರು ಇದನ್ನು ಮನೆಗೆ ಬಂದು ಉಪ್ಪು ಖಾರ ಹಚ್ಚಿ ಹೇಳಿದಾಗ ಟೈಲರಮ್ಮನಿಗೆ ಒಂದು ಕ್ಷಣ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಆಕೆಯ ಕೆಲಸ ನೀಟಾಗಿದೆ ಎಂದು ಆ ಮನೆಯಲ್ಲಿ ಕೇಳಿಬಂದದ್ದು ಅದೇ ಮೊದಲು.

ಸಂಘ ಪ್ರಮಾಣಪತ್ರ ಕೊಟ್ಟಿತು: ನಾಲ್ಕು ತೂತಿನ ಸ್ಟೆಪ್ನಿ, ಕಾರ್ಖಾನೆಯ ಮೂಲ ದೋಷ, ಜಗತ್ತಿನಲ್ಲಿ ತಿಳಿದಿರುವುದು ಇದೊಂದೇ. ಕೆಳಗೆ ಒಂಬತ್ತು ಪದಾಧಿಕಾರಿಗಳ ಸಹಿ. ಸಂಘದ ಪತ್ರಿಕೆಗೆ ಓನರ್ ಸಾಹೇಬರು ಎರಡು ಪುಟದ ಲೇಖನ ಬರೆದರು. ಅಚ್ಚು ಬದಲಾಗಿರಬಹುದೇ, ಕೆಲಸಗಾರ ತೂಕಡಿಸಿರಬಹುದೇ ಎಂದೆಲ್ಲ ಚರ್ಚಿಸಿ, ಕೊನೆಗೆ "ಆ ಅಜ್ಞಾತ ಕಾರ್ಮಿಕನ ಕೈಗಳಿಗೆ ನನ್ನ ನಮನ" ಎಂದು ಮುಗಿಸಿದ್ದರು. ಅಜ್ಞಾತ ಕಾರ್ಮಿಕ ಅದನ್ನು ಬಚ್ಚಲ ಪಕ್ಕದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು ಓದಿದಳು.

ಆಗಲೇ ಕಂಪನಿಯ ಕಾಗದ ಬಂದದ್ದು. ಹೊಸ ಹಾಲ್ ಸಿದ್ಧವಾಗುತ್ತಿದೆ, ತಮ್ಮ ಸಂಗ್ರಹವನ್ನು ನೋಡಲು ನಮ್ಮ ಅಧಿಕಾರಿ ಬರುತ್ತಾರೆ. ಓನರ್ ಸಾಹೇಬರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಟೈಲರಮ್ಮನ ಕಾಲೂ ನಿಲ್ಲಲಿಲ್ಲ, ಆದರೆ ಅದು ಯಾರಿಗೂ ಕಾಣಲಿಲ್ಲ. ಗಂಡ ಹೊರಗೆ ಹೋದಾಗ ಟೇಪು ಹಿಡಿದು ಆ ಕೋಣೆಯ ಅಳತೆ ತೆಗೆದಳು. ಕಿಟಕಿಯ ಕೆಳಗೆ ಮೆಷಿನ್ನು. ಈ ಗೋಡೆಗೆ ಕತ್ತರಿಸುವ ಮೇಜು, ನಿಂತೇ ಕತ್ತರಿಸಬಹುದು. ಆ ಮೂಲೆಯಲ್ಲಿ ಗಿರಾಕಿಗಳಿಗೆ ಎರಡು ಕುರ್ಚಿ. ಎಲ್ಲವನ್ನೂ ಅಳತೆ ಪುಸ್ತಕದಲ್ಲಿ ಒಬ್ಬ ಗಿರಾಕಿಯ ಎದೆ ಸೊಂಟದಂತೆ ಬರೆದಿಟ್ಟಳು.

ಗುಂಡಿಯ ವಿಷಯ ಹೇಳಿಬಿಡಬೇಕು ಎಂದು ಮನಸ್ಸಿನ ಒಂದು ಮೂಲೆ ಚುಚ್ಚುತ್ತಲೇ ಇತ್ತು. ಹೇಳಿದರೆ ಗಂಡ ಸಂಘದ ಮುಂದೆ ತಲೆ ಎತ್ತುವಂತಿಲ್ಲ, ಕಂಪನಿಯವರು ಇತ್ತ ತಲೆ ಹಾಕುವುದಿಲ್ಲ, ನಾನೂರ ಹನ್ನೆರಡೂ ಲಾರಿ ಇಲ್ಲೇ ಬೇರು ಬಿಡುತ್ತವೆ. ಹೇಳದಿದ್ದರೆ ಕಿಟಕಿ ಸಿಗುತ್ತದೆ. ಟೈಲರಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಆಕೆಯನ್ನು ದೂರುವವರು ಆ ಓಣಿಯಲ್ಲಿ ಕೂತು ಒಂದು ಕಪ್ಪು ಕೋಟಿಗೆ ಕಾಜ ಮಾಡಿ ಆಮೇಲೆ ದೂರಲಿ.

ಗೊತ್ತಾದ ದಿನ ಹಲ್ಲಿನ ಡಾಕ್ಟರು ಮೊದಲು ಬಂದರು. ಹಿಂದೆಯೇ ಕಂಪನಿಯ ಅಧಿಕಾರಿ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಕಪ್ಪು ಕೋಟು, ಕೈಯಲ್ಲೊಂದು ಫೈಲು. ಓನರ್ ಸಾಹೇಬರು ಅತಿಥಿಗಳ ಗೌರವಾರ್ಥ ಪರದೆಯನ್ನು ಹತ್ತು ನಿಮಿಷದ ಮಟ್ಟಿಗೆ ಪೂರ್ತಿ ಸರಿಸಿದರು. ಕೆಂಪು ಲಾರಿ ಮೇಜಿನ ಮೇಲೆ ವೆಲ್ವೆಟ್ ಬಟ್ಟೆಯಲ್ಲಿ ಕೂತಿತ್ತು. ಟೈಲರಮ್ಮ ಟೀ ತಂದಿಟ್ಟಳು. ಲೋಟಕ್ಕೆ ಕೈ ಚಾಚಿದ ಅಧಿಕಾರಿ ತನ್ನ ಕೋಟಿನ ಮುಂಭಾಗವನ್ನು ಮುಚ್ಚಿಕೊಂಡು ಮುಜುಗರದಿಂದ ನಕ್ಕಳು.

"ಅಮ್ಮಾ, ನೀವು ಹೊಲಿಗೆ ಮಾಡ್ತೀರಂತಲ್ಲ. ಬರ್ತಾ ಬಸ್ಸಲ್ಲಿ ಇದರ ಗುಂಡಿ ಕಿತ್ತೋಯ್ತು. ಒಂದು ಹಾಕಿಕೊಡ್ತೀರಾ?"

"ಅದಕ್ಕೇನಂತೆ, ಕೊಡಿ," ಎಂದು ಟೈಲರಮ್ಮ ಕೋಟು ಇಸಿದುಕೊಂಡಳು. ಓಣಿಗೆ ಹೋಗಿ ಡಬ್ಬ ತೆರೆದು ನೋಡಿದರೆ, ಆ ಕೋಟಿನ ಉಳಿದ ಗುಂಡಿಗಳಿಗೆ ಸರಿಹೊಂದುವುದು ಒಂದೇ ಜಾತಿ. ಉಬ್ಬಿದ ಅಂಚು, ನಡುವೆ ತಗ್ಗು, ನಾಲ್ಕು ತೂತು. ಆಕೆಗೆ ನಗು ಬಂತು. ಕೋಣೆಗೆ ವಾಪಸು ಬಂದು ಕಿಟಕಿಯ ಪಕ್ಕ ನಿಂತಳು. ಸೂಜಿಗೆ ದಾರ ಮೊದಲ ಸಲಕ್ಕೇ ಏರಿತು. ಬಟ್ಟೆಯ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕಂಡು ಎಷ್ಟು ಕಾಲವಾಗಿತ್ತೋ, ಆಕೆಗೆ ಅಳುವೇ ಬಂದಂತಾಯಿತು.

ಮೂರು ಹೆಜ್ಜೆ ಆಚೆ ಎರಡು ಬೋಳು ತಲೆಗಳು ಒಂದೇ ಭೂತಗನ್ನಡಿಯ ಮೇಲೆ ಬಾಗಿದ್ದವು. "ಅಂಚು ನೋಡಿ ಮೇಡಂ, ಅಚ್ಚಿನ ಗೆರೆ ನೋಡಿ!" ಎನ್ನುತ್ತಿದ್ದರು ಡಾಕ್ಟರು. ಅಧಿಕಾರಿ ಅಚ್ಚಿನ ಗೆರೆ ನೋಡಿದಳು. ಆಮೇಲೆ ತನ್ನ ಕೋಟಿನತ್ತ ನೋಡಿದಳು. ಆಮೇಲೆ ಮತ್ತೆ ಲಾರಿಯತ್ತ. ಕಡೆಗೆ ತಲೆಯೆತ್ತಿ ಟೈಲರಮ್ಮನ ಮುಖ ನೋಡಿದಳು. ಟೈಲರಮ್ಮ ದಾರ ಕಚ್ಚಿ ಕತ್ತರಿಸಿ ಕೋಟನ್ನು ಅವಳ ಕೈಗೆ ಕೊಟ್ಟಳು.

ಅಧಿಕಾರಿ ಕೋಟು ಹಾಕಿಕೊಂಡು ಫೈಲು ತೆರೆದಳು. ಅವಳಿಗೆ ಎಂಟು ಗಾಜಿನ ಪೆಟ್ಟಿಗೆ ತುಂಬಿಸಬೇಕಿತ್ತು, ಏಳು ತುಂಬಿದ್ದವು.

"ಈ ಲಾರಿ ನಮಗೆ ಬೇಕು ಸಾರ್. ಮಧ್ಯದ ಪೆಟ್ಟಿಗೇಲಿ ಇಡ್ತೀವಿ, ನಿಮ್ಮ ಫೋಟೋನೂ ಹಾಕ್ತೀವಿ."

"ಉಳಿದವನ್ನ ಯಾವಾಗ ಸಾಗಿಸ್ತೀರಿ ಮೇಡಂ?" ಎಂದು ಕೇಳಿದವಳು ಟೈಲರಮ್ಮ. ಬಾಯಿ ತಪ್ಪಿ ಬಂತು.

"ಉಳಿದವು ಯಾಕಮ್ಮ? ಅವೆಲ್ಲ ನಾವೇ ಹಂಚಿದ್ದು ತಾನೇ. ನಮ್ಮ ಗೋದಾಮಲ್ಲಿ ಪೆಟ್ಟಿಗೆಗಟ್ಟಲೆ ಬಿದ್ದಿವೆ, ಯಾರಿಗೆ ಕೊಡೋದು ಅಂತ ಗೊತ್ತಾಗ್ತಿಲ್ಲ. ಇದೊಂದೇ ಸಾಕು."

ಇಡೀ ಜೀವಮಾನ ಗುಡ್ಡೆ ಹಾಕಿದ್ದರಲ್ಲಿ ಬೇರೆಲ್ಲೂ ಸಿಗದ ವಸ್ತು ಎಂದಿದ್ದರೆ ಅದು ಹೆಂಡತಿ ಅಂಟಿಸಿದ ಗುಂಡಿ. ಓನರ್ ಸಾಹೇಬರ ಮುಖ ಒಂದು ಗಳಿಗೆ ಸಪ್ಪಗಾಯಿತು. ಫೋಟೋ ನೆನಪಾಗಿ ಮತ್ತೆ ಅರಳಿತು. ಟೈಲರಮ್ಮನ ಮುಖ ಅರಳಲಿಲ್ಲ. ಒಂದು ಲಾರಿ ಹೋದರೆ ಖಾಲಿಯಾಗುವುದು ಒಂದು ಗೇಣು ಜಾಗ. ಅದರಲ್ಲಿ ಸೂಜಿಡಬ್ಬಿ ಇಡಬಹುದು. ಮುಚ್ಚಿಟ್ಟ ಸುಳ್ಳಿಗೆ ಸಿಕ್ಕ ಪ್ರತಿಫಲ ಇಷ್ಟೇ ಎಂದ ಮೇಲೆ ಮುಚ್ಚಿಡುವುದು ಯಾಕೆ? ಆಕೆ ಓಣಿಗೆ ಹೋಗಿ ಡಬ್ಬ ತಂದು, ಒಂದು ಹಿಡಿ ತೆಗೆದು ವೆಲ್ವೆಟ್ ಬಟ್ಟೆಯ ಮೇಲೆ ಸುರಿದಳು.

"ರೀ, ಅದು ಸ್ಟೆಪ್ನಿ ಅಲ್ಲ. ಕೋಟಿನ ಗುಂಡಿ. ನಾಲ್ಕು ವರ್ಷದ ಹಿಂದೆ ನನ್ನ ಕೈಯಿಂದ ಲಾರಿ ಬಿದ್ದು ಸ್ಟೆಪ್ನಿ ಕಳೆದುಹೋಯ್ತು. ನಿಮಗೆ ಹೆದರಿ ನಾನೇ ಇದನ್ನ ಅಂಟಿಸಿದ್ದು. ಬೇಕಾದ್ರೆ ಪಕ್ಕದಲ್ಲಿಟ್ಟು ನೋಡಿ."

ಹಲ್ಲಿನ ಡಾಕ್ಟರು ಒಂದು ಗುಂಡಿಯನ್ನು ಎತ್ತಿ ಲಾರಿಯ ಪಕ್ಕ ಹಿಡಿದರು. ಅದನ್ನು ನೋಡಿದರು, ಇದನ್ನು ನೋಡಿದರು. ಅವರ ಕಿವಿ ಕೆಂಪಗಾಯಿತು. ಪ್ರಮಾಣಪತ್ರದ ಮೊದಲ ಸಹಿ ಅವರದು.

"ಅಯ್ಯಯ್ಯೋ, ಆಗಲೇ ಶುರುವಾಯ್ತಾ?" ಎಂದರು ಗಂಭೀರವಾಗಿ. "ಪತ್ರಿಕೇಲಿ ಲೇಖನ ಬಂದು ಮೂರು ತಿಂಗಳಾಗಿಲ್ಲ, ಮಾರ್ಕೆಟ್ಟಿಗೆ ನಕಲಿ ಬಂದುಬಿಟ್ಟಿದೆ ನೋಡಿ! ಅಮ್ಮಾ, ಇವನ್ನ ಎಲ್ಲಿ ಕೊಂಡ್ರಿ?"

"ಗುಂಡಿ ಅಂಗಡೀಲಿ," ಎಂದಳು ಟೈಲರಮ್ಮ.

"ಅದೇ ನಾನು ಹೇಳಿದ್ದು. ರಾಜಾರೋಷವಾಗಿ ಮಾರ್ತಿದಾರೆ. ನಕಲಿ ಹುಟ್ಟಿದೆ ಅಂದ್ರೆ ಅಸಲಿ ಇದೇ ಅಂತ ಖಾತ್ರಿಯಾಯ್ತು ಮೇಡಂ. ಇದಕ್ಕಿಂತ ಸಾಕ್ಷಿ ಬೇಕಾ?"

ಅಧಿಕಾರಿ ತನ್ನ ಕೋಟಿನ ಹೊಸ ಗುಂಡಿಯನ್ನು ನಿಧಾನವಾಗಿ ಕಾಜದೊಳಗೆ ತೂರಿಸುತ್ತ, "ಸಂಘದವ್ರು ಬರೆದುಕೊಟ್ಟಿದಾರಲ್ಲಮ್ಮ, ನಮಗೆ ಅಷ್ಟು ಸಾಕು," ಎಂದಳು.

ಟೈಲರಮ್ಮ ಇವರಿಬ್ಬರನ್ನೂ ಬಿಟ್ಟು ಗಂಡನ ಕಡೆ ತಿರುಗಿದಳು. ಅವರು ಮೇಜಿನ ಮೇಲಿನ ಗುಂಡಿಗಳನ್ನು ನೋಡುತ್ತಿದ್ದರು. ಒಂದನ್ನು ಹೆಬ್ಬೆರಳಿನಿಂದ ತಿರುವಿ ಹಾಕಿದರು. ಅವರ ಹಣೆಯಲ್ಲಿ ಬೆವರು ಮೂಡಿದ್ದು ಆಕೆಗೆ ಆ ಬೆಳಕಿನಲ್ಲಿ ಚೆನ್ನಾಗಿ ಕಂಡಿತು. ಗಂಡನಿಗೆ ಗೊತ್ತಾಯಿತು ಎಂಬುದು ಆಕೆಗೂ ಗೊತ್ತಾಯಿತು. ಮೂವತ್ತೊಂದು ವರ್ಷ ಜೊತೆಗಿದ್ದವರ ಮುಖ ಓದುವುದಕ್ಕೆ ಭೂತಗನ್ನಡಿ ಬೇಕಾಗಿಲ್ಲ. ಈಗ ಹೇಳುತ್ತಾರೆ, ಈಗ ನನ್ನ ಪರವಾಗಿ ಒಂದು ಮಾತು ಬರುತ್ತದೆ ಎಂದು ಕಾದಳು.

"ಅವಳಿಗೇನು ಗೊತ್ತು ಬಿಡಿ ಸಾರ್," ಎಂದರು ಓನರ್ ಸಾಹೇಬರು. "ಮನೇಲಿ ಕೂತು ಬಟ್ಟೆ ಹೊಲಿಯೋಳು. ಎಲ್ಲಿ ಸಹಿ ಹಾಕಬೇಕು ಮೇಡಂ?"

ಬೈದಿದ್ದರೆ, ಲಾರಿ ಎತ್ತಿ ನೆಲಕ್ಕೆ ಕುಕ್ಕಿದ್ದರೆ ಕೂಡ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ. ಗುಂಡಿಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿಕೊಂಡು ಹೊರಟುಹೋದಳು. ಹತ್ತು ನಿಮಿಷ ಮುಗಿದಿತ್ತು. ಪರದೆ ಮತ್ತೆ ಇಳಿಯಿತು.

ಅತಿಥಿಗಳು ಹೋದ ಮೇಲೆ ಓನರ್ ಸಾಹೇಬರು ಓಣಿಯವರೆಗೆ ಬಂದು ಗೋಡೆಗೆ ಒರಗಿ ನಿಂತರು.

"ಸಂಘದ ಮರ್ಯಾದೆ ಪ್ರಶ್ನೆ ಕಣೇ. ಒಂಬತ್ತು ಜನ ಸಹಿ ಹಾಕಿದಾರೆ. ಈಗ ಅಲ್ಲ ಅಂದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳಲಿ?"

"ಸರಿ. ಕಿಟಕಿ?"

"ಇನ್ನೂ ನಾನೂರ ಹನ್ನೊಂದು ಇವೆಯಲ್ಲೇ."

"ನನ್ನ ಕಣ್ಣು?"

"ಒಳ್ಳೇ ಬಲ್ಬು ಹಾಕಿಸ್ತೀನಿ, ಜೋರಾಗಿ ಉರಿಯೋದು. ಅರ್ಥ ಮಾಡ್ಕೋ. ಬಣ್ಣ ಒಂದ್ಸಲ ಹೋದ್ರೆ ಮತ್ತೆ ಬರಲ್ಲ."

ಕಣ್ಣಾದರೆ ಬರುತ್ತದೆ ಎಂಬ ಹಾಗೆ! ಟೈಲರಮ್ಮ ತಿರುಗಿ ನೋಡಲೂ ಇಲ್ಲ, ಪೆಡಲು ತುಳಿಯುತ್ತಲೇ ಇದ್ದಳು.

ಹಾಲ್ ಉದ್ಘಾಟನೆಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ಲಾರಿ. ಮೇಲಿಂದ ಒಂದು, ಎಡಬಲದಿಂದ ಎರಡು, ಒಟ್ಟು ಮೂರು ದೀಪಗಳು ಗುರಿಯಿಟ್ಟು ಬೆಳಗುತ್ತಿದ್ದದ್ದು ಆ ಗುಂಡಿಯನ್ನೇ. ಪಕ್ಕದಲ್ಲಿ ಓನರ್ ಸಾಹೇಬರ ಫೋಟೋ. ಜನ ಬಾಗಿ ನೋಡಿ, ತೂತು ಎಣಿಸಿ, ತಲೆದೂಗುತ್ತಿದ್ದರು. ಅವರಲ್ಲಿ ಕೋಟು ತೊಟ್ಟವರು ಬಹಳ ಮಂದಿ ಇದ್ದರು, ಒಬ್ಬರೂ ತಮ್ಮ ಎದೆಯತ್ತ ನೋಡಿಕೊಳ್ಳಲಿಲ್ಲ. ಟೈಲರಮ್ಮ ಸಾಲಿನಲ್ಲಿ ನಿಂತು ತನ್ನ ಸರದಿ ಬಂದಾಗ ನೋಡಿದಳು. ಚೆನ್ನಾಗಿಯೇ ಕೂರಿಸಿದ್ದೇನೆ ಅನ್ನಿಸಿತು. ತನ್ನ ಡಬ್ಬದ ಒಂದು ಗುಂಡಿಗೆ ಮೂರು ದೀಪ, ತನಗೊಂದು ಕಿಟಕಿ ಇಲ್ಲ ಎಂದೂ ಅನ್ನಿಸಿತು. ಒಳಗೆ ಏನೋ ಒಂದು ಕಡಿದುಹೋಯಿತು. ಓನರ್ ಸಾಹೇಬರು ಮೈಕು ಹಿಡಿದು, ಕೆಮ್ಮಿ, "ಅದೊಂದು ಭಾನುವಾರ ಬೆಳಗ್ಗೆ…" ಎಂದು ಶುರುಮಾಡುವ ಹೊತ್ತಿಗೆ ಆಕೆ ಬಸ್‌ಸ್ಟಾಪಿನಲ್ಲಿದ್ದಳು.

ಮನೆಗೆ ಬಂದವಳೇ ಪರದೆಯನ್ನು ಕೊಕ್ಕೆಯಿಂದ ಬಿಚ್ಚಿ ಮಡಿಸಿದಳು. ಒಳ್ಳೆಯ ಬಟ್ಟೆ, ನಾಲ್ಕು ಕೋಟಿಗೆ ಒಳಪದರ ಆಗುತ್ತಿತ್ತು. ಕಿಟಕಿಯ ಕೆಳಗಿನ ಕಪಾಟಿನಿಂದ ಲಾರಿಗಳನ್ನು ಒಂದೊಂದಾಗಿ ತೆಗೆದು, ಒಂದನ್ನೂ ಬೀಳಿಸದೆ, ಓಣಿಗೆ ಸಾಗಿಸಿ ಗೋಡೆಗುಂಟ ಸಾಲಾಗಿ ನಿಲ್ಲಿಸಿದಳು. ಬಿಸಿಲಿನ ಸೋಂಕೇ ಇಲ್ಲದ ಜಾಗ, ಕೆಂಪು ಬಣ್ಣಕ್ಕೆ ಅದಕ್ಕಿಂತ ಕ್ಷೇಮ ಬೇರೆಲ್ಲಿ? ಖಾಲಿ ಕಪಾಟನ್ನು ಪಕ್ಕಕ್ಕೆ ನೂಕಿದಳು. ಕಬ್ಬಿಣದ ಕಾಲಿನ ಮೆಷಿನ್ನನ್ನು ಹಳೇ ಕಂಬಳಿಯ ಮೇಲಿಟ್ಟು ಎಳೆದಳು. ಉಸಿರು ಕಟ್ಟಿತು, ಬೆನ್ನು ಹಿಡಿಯಿತು, ನಾಲ್ಕು ಸಲ ನಿಂತಳು. ಐದನೆಯ ಸಲಕ್ಕೆ ಮೆಷಿನ್ನು ಕಿಟಕಿಯ ಕೆಳಗಿತ್ತು.

ಓನರ್ ಸಾಹೇಬರು ಸನ್ಮಾನದ ಫಲಕ ಕಂಕುಳಲ್ಲಿಟ್ಟುಕೊಂಡು, ತಮ್ಮ ಭಾಷಣದ ಗುಂಗಿನಲ್ಲೇ ಬಾಗಿಲು ತೆರೆದರು. ಇಳಿಬಿಸಿಲಿನ ಬೆಳಕು ಬೀದಿಯ ಎದುರು ಮನೆಯ ಗೋಡೆಗೆ ಬಡಿದು ಕೋಣೆಯ ತುಂಬ ಹರಡಿತ್ತು. ಉಳಿದ ಕಪಾಟುಗಳ ಮುನ್ನೂರು ಚಿಲ್ಲರೆ ಲಾರಿಗಳ ಮೇಲೂ ಅದು ಬಿದ್ದಿತ್ತು. ಹೆಂಡತಿ ಕಪ್ಪು ಕೋಟೊಂದಕ್ಕೆ ಕಾಜ ಮಾಡುತ್ತ ಕೂತಿದ್ದಳು.

"ಏನೇ ಇದು! ಬಣ್ಣ! ಬಣ್ಣ ಹೋಗತ್ತೆ ಕಣೇ!"

ಆಕೆ ಮುಂದಿನ ಹೊಲಿಗೆಗೆ ಸೂಜಿ ಚುಚ್ಚಿದಳು. ಓನರ್ ಸಾಹೇಬರು ಫಲಕವನ್ನು ಎಲ್ಲೋ ಇಟ್ಟು ಓಡಿಬಂದರು. ಮೆಷಿನ್ನಿಗೂ ಕಿಟಕಿಗೂ ನಡುವೆ ತೂರಿ, ಕಿಟಕಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ, ಸಮಾರಂಭಕ್ಕೆಂದು ತೊಟ್ಟಿದ್ದ ಕೋಟಿನ ಅಂಚುಗಳನ್ನು ಅಗಲಕ್ಕೆ ಹಿಡಿದು, ತಾವೇ ಪರದೆಯಾಗಿ ನಿಂತರು. ನೆರಳು ಕಪಾಟಿನ ಮೇಲೆ ಬೀಳಲಿಲ್ಲ. ನೇರ ಮೆಷಿನ್ನಿನ ಮೇಲೆ, ಆಕೆಯ ಕೈಯಲ್ಲಿದ್ದ ಸೂಜಿಯ ಮೇಲೆ ಬಿತ್ತು.

ಟೈಲರಮ್ಮ ತಲೆಯೆತ್ತಿ ನೋಡಿದಳು. ಸಿಟ್ಟಿನಿಂದಲ್ಲ, ಬಾಗಿಲಿಗೆ ಅಡ್ಡ ನಿಂತ ಗಿರಾಕಿಗೆ ಹೇಳುವ ಧ್ವನಿಯಲ್ಲೇ ಹೇಳಿದಳು:

"ಸ್ವಲ್ಪ ಆಚೆ ಸರೀರಿ. ಬೆಳಕಿಗೆ ಅಡ್ಡ ನಿಂತಿದೀರಿ."